ಕಾಕಾನ ಹಿತ್ತಲಿನಲ್ಲಿ ಉತ್ಖನನ

ಇವತ್ತು ಬೆಳಿಗ್ಗೆ ನಮ್ಮ ಚಾಟ್ಸ್‌ವುಡ್ ಫ್ಲ್ಯಾಟಿನ ಸಿಂಕ್ ಕಟ್ಟಿಕೊಂಡಿತು. ಪ್ಲಂಬರ್ ಪೈಪಿನೊಳಗಿಂದ ಏನೋ ಕಪ್ಪು ಮುದ್ದೆ ಎಳೆದಾಗ ಎದ್ದ ವಾಸನೆಗೆ ಯಾರಾದರೂ ಮೂಗು ಮುಚ್ಚಿಕೊಳ್ಳಬೇಕು. ನನಗೆ ಲವೀನಾ ನೆನಪಾದಳು. ಅವಳ ಮೇಲಿನ ಸಿಟ್ಟಿಗೆ ಹೇಳುತ್ತಿಲ್ಲ, ದಯವಿಟ್ಟು ನಂಬಿ. ಗಟಾರವೇ ಅವಳ ವಿದ್ವತ್ತಿನ ವಿಷಯವಾಗಿತ್ತು.

ಲವೀನಾ ಮಂಗಳೂರಿನ ಕೊಂಕಣಿ ಹುಡುಗಿ, ಆಗ ನನ್ನ ಜೊತೆ ರೆಂಟ್ ಹಂಚಿಕೊಂಡಿದ್ದವಳು. ನಾನು ಮ್ಯಾಕ್ವೆರಿ ಪಾರ್ಕಿನ ಆಫೀಸಿನಲ್ಲಿ ಕೋಡ್ ಬರೆದು ಕಣ್ಣು ಕೆಡಿಸಿಕೊಳ್ಳುತ್ತಿದ್ದರೆ, ಅವಳು ಮಧ್ಯಯುಗದ ಯುರೋಪಿನ ಸಿಸ್ಟರ್ಶಿಯನ್ ಎಂಬ ಕ್ರೈಸ್ತ ಸನ್ಯಾಸಿಗಳ ಮಠಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಬಿಳಿ ನಿಲುವಂಗಿ, ಮೌನ, ಬರೀ ಕಾಳು-ಸೊಪ್ಪು. ಆ ಸನ್ಯಾಸಿಗಳ ನಿಯಮ ಬಲು ಬಿಗಿ. ಮಾಂಸ ಕಾಯಿಲೆಯವರಿಗೆ ಮಾತ್ರ. ಆದರೆ ಮಠದ ಹಳೆಯ ಚರಂಡಿ ಅಗೆದು ಜರಡಿ ಹಿಡಿದರೆ ಮೂಳೆಗಳು ಸಿಗುತ್ತಿದ್ದವಂತೆ!

"ಕಾಯಿಲೆಯವರ ರೂಮ್ ಯಾವಾಗ ನೋಡಿದ್ರೂ ಹೌಸ್‌ಫುಲ್ ಮಾರಾಯ್ತಿ! ಆಮೇಲೆ ಮಾಂಸ ತಿನ್ಲಿಕ್ಕೇಂತ್ಲೇ ಬೇರೆ ರೂಮ್ ಕಟ್ಟಿಸಿದ್ರು," ಎಂದು ಕಣ್ಣರಳಿಸುತ್ತಿದ್ದಳು.

ಒಂದು ಸಲ ಅವಳನ್ನು ಮೆಲ್ಬರ್ನ್‌ಗೆ, ಟಾರ್ನೀಟಿನಲ್ಲಿರುವ ನಮ್ಮ ಕಾಕಾನ ಮನೆಗೆ ಕರೆದುಕೊಂಡು ಹೋದೆ. ಹುಬ್ಬಳ್ಳಿಯ ನಮ್ಮ ಕಾಕಾ ಸಾಮಾನ್ಯ ಆಸಾಮಿಯಲ್ಲ. ಮೊಟ್ಟೆ ಹಾಕಿದ ಕೇಕ್ ಕೂಡ ಅವರ ಹೊಸ್ತಿಲು ದಾಟುವಂತಿರಲಿಲ್ಲ. ಯಾರ ಮನೆಯ ಪಾರ್ಟಿಗೆ ಹೋದರೂ ತಟ್ಟೆಗೆ ಮೊದಲು ಮೂಗು ಹಚ್ಚುವವರು. ಲವೀನಾಳ ವಿಷಯ ಕೇಳಿದ್ದೇ ಶುರು ಮಾಡಿದರು.

"ಏನವಾ, ಗಟಾರದಾಗ ಡಾಕ್ಟರೇಟ್ ಏನು? ನಾಲಿಗಿ ಮ್ಯಾಲ ಹಿಡತ ಇಲ್ದಾಂವ ಎಂಥ ಸನ್ಯಾಸಿ!"

"ಎಲ್ಲಾರೂ ನಿಮ್ಮಂಗ ಇರ್ತಾರೇನ್ರಿ?" ಎಂದರು ಕಾಕು. ಗಂಡನ ಬಗ್ಗೆ ಅವರಿಗೆ ಅಷ್ಟು ಹೆಮ್ಮೆ.

ಮರುದಿನ ಕಾಕು ಕರಿಬೇವಿನ ಸಸಿ ನೆಡಲು ಗ್ಯಾರೇಜಿನ ಹಿಂದೆ ಗುದ್ದಲಿ ಹಾಕಿದರು. ಟಿಶ್ಯೂ ಸುತ್ತಿದ ಮೂಳೆಗಳು ಮೇಲೆ ಬಂದವು.

"ಅಯ್ಯ ಶಿವನ! ಯಾರೋ ಮಾಟಾ ಮಾಡ್ಸ್ಯಾರ! ಎದರುಮನಿಯಾಕೀನ ಇರಬೇಕು. ಇನ್ನ ಆಕಿ ಮಾರಿ ನೋಡಂಗಿಲ್ಲ ನಾ!"

ಎದುರುಮನೆಯಾಕೆ ಈ ಸಬರ್ಬಿನಲ್ಲಿ ಕಾಕುಗಿದ್ದ ಏಕೈಕ ಗೆಳತಿ. ಕಾಕಾ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಅಷ್ಟರಲ್ಲಿ ನಮ್ಮ ವಿದುಷಿ ಮಂಡಿಯೂರಿ ಕುಳಿತೇಬಿಟ್ಟಿದ್ದಳು. ಮೂಳೆ ಕಂಡರೆ ಅವಳಿಗೆ ಲೋಕದ ಪರಿವೆ ಇರುವುದಿಲ್ಲ.

"ಮಾಟ ಅಲ್ಲ ಆಂಟಿ, ಕೋಳಿ ಕಾಲು. ಬೇಯಿಸಿದ್ದು, ತುದಿ ಚೀಪಿದ್ದೂ ಉಂಟು. ಕೆಳಗಿನದ್ದು ಹಳೇದು, ಮೇಲಿನದ್ದು ಹೊಸತು. ಯಾರೋ ರೆಗ್ಯುಲರ್ ಆಗಿ..."

ತಲೆಯೆತ್ತಿ ಕಾಕಾನ ಮುಖ ನೋಡಿದಳು. ಸಾಕ್ಷ್ಯಕ್ಕಾಗಿ ತನ್ನ ಪ್ರೊಫೆಸರ್ ಜೊತೆಗೇ ಜಗಳವಾಡುತ್ತಿದ್ದವಳು ಮೂಳೆ ಕೆಳಗಿಟ್ಟು, "ನರಿ ಇರಬಹುದು," ಎಂದಳು.

"ನರೀನ!" ಕಾಕಾ ತಟ್ಟನೆ ಆ ಮಾತಿಗೆ ಜೋತುಬಿದ್ದರು. "ಮೆಲ್ಬರ್ನ್ ತುಂಬ ನರೀನ ಅದಾವ!"

ಕಾಕು ಕೈಯಲ್ಲಿದ್ದ ಟಿಶ್ಯೂ ಬಿಡಿಸಿದರು. "ನರಿ ಕೈ ಒರಸ್ಕೊಂಡು ಹೂಳತದೇನ್ರಿ?"

ನನಗೆ ನಗು ಉಕ್ಕಿಬಂತು. ಕಾಕು ಕಾಕಾನತ್ತ ತಿರುಗಿದರು.

"ಶನಿವಾರಕ್ಕೊಮ್ಮೆ ಗ್ಯಾರೇಜ್ ಸ್ವಚ್ಛ ಮಾಡ್ತೇನಂತ ಬಾಗ್ಲಾ ಹಾಕ್ಕೋತಿದ್ದದ್ದು ಇದಕ್ಕೇನು?"

"ಡಾಕ್ಟರು... ಪ್ರೋಟೀನ್ ಕಡಿಮಿ ಐತಿ ಅಂದ್ರು," ಎಂದರು ಕಾಕಾ. ಕಾಯಿಲೆಯವರ ಕೋಣೆ! ಲವೀನಾ ಕೆಮ್ಮುವ ನೆಪದಲ್ಲಿ ಆಚೆ ತಿರುಗಿದಳು.

ಕಾಕು ನಗಲಿಲ್ಲ. ಮಣ್ಣಿನ ಮೇಲೇ ಕುಸಿದು ಕುಳಿತು ಅತ್ತುಬಿಟ್ಟರು. "ತಿಂದಿದ್ದಕ್ಕಲ್ಲರಿ. ನಾ ಬಡಿಸದ ನೀವು ಒಂದು ದಿನಾ ಉಂಡಿಲ್ಲ ಅನ್ಕೊಂಡಿದ್ದೆ. ಕಳ್ಳರಂಗ ಒಬ್ಬರ ಕುಂತು ಉಂಡ್ರಲ್ಲ!"

ನಮ್ಮ ನಗು ಅಲ್ಲೇ ಸತ್ತಿತು. ಕಾಕಾ ಪಕ್ಕದಲ್ಲಿ ಕುಳಿತು ಅವರ ಕೈಗೆ ಅಂಟಿದ ಮಣ್ಣನ್ನು ಒರೆಸತೊಡಗಿದರು. ನಾವಿಬ್ಬರೂ ಮೆಲ್ಲನೆ ಒಳಗೆ ಸರಿದೆವು.

ಲವೀನಾ ಈಗ ಡಾಕ್ಟರ್ ಲವೀನಾ, ದೂರದ ಯಾವುದೋ ಮಠದ ಚರಂಡಿಯಲ್ಲಿ ಸುಖವಾಗಿದ್ದಾಳೆ. ಪ್ಲಂಬರ್ ಹೋದ ಮೇಲೆ ತಡೆಯಲಾಗದೆ ಕಾಕುಗೆ ಫೋನ್ ಮಾಡಿದೆ. ಧ್ವನಿ ಮೂಗಿನಿಂದ ಬರುತ್ತಿತ್ತು. ನೆಗಡಿಯೇ ಎಂದು ಕೇಳಿದೆ.

"ಇಲ್ಲವಾ, ಮೂಗಿಗೆ ಸೆರಗು ಹಿಡ್ಕೊಂಡೇನಿ. ನಿಮ್ಮ ಕಾಕಾ ಉಣ್ಣಾಕತ್ತಾರ, ಬಾಜೂಕ ಕುಂತೇನಿ. ತಡಿ, ಇನ್ನೊಂದು ತುಂಡು ಬಡಿಸಿ ಬರ್ತೇನಿ."