ಎರಡು ಚಮಚ ಗಂಜಿ

ಅಪ್ಪನ ಸಾವಿನ ಕತೆಯನ್ನು ನಮ್ಮ ಮನೆಯಲ್ಲಿ ಹೇಳುವ ರೀತಿ ಒಂದೇ. ಆಪರೇಶನ್ ಚೆನ್ನಾಗಿಯೇ ಆಗಿತ್ತು, ಗುಡೂರಿನಿಂದ ಬಂದ ಅತ್ತೆ ಕರುಳು ತಡೆಯದೆ ಎರಡು ಚಮಚ ಗಂಜಿ ಕುಡಿಸಿದಳು, ಒಳಗಿನ ಹೊಲಿಗೆ ಬಿಚ್ಚಿತು, ಅಪ್ಪ ಹೋದ. ಇಳಕಲ್ಲಿನ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಇದನ್ನೇ ಒಪ್ಪಿಸುತ್ತಾರೆ. ಅತ್ತೆಯೂ ಇದನ್ನೇ ನಂಬಿದಳು. ಅಂದಿನಿಂದ ಯಾರಿಗೂ ತನ್ನ ಕೈಯಾರೆ ಬಡಿಸುವುದಿಲ್ಲ. ಪಾತ್ರೆ ಮುಂದಿಟ್ಟು, "ನೀವ ಹಾಕ್ಕೊರಿ" ಅನ್ನುತ್ತಾಳೆ.

ನಾನು ಒಪ್ಪುವುದಿಲ್ಲ. ಆಗ ಹುನಗುಂದದ ಕಾಲೇಜಿನಲ್ಲಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ತರುತ್ತಿದ್ದೆ. ಕಾರಣ ಮೊದಲು ಬರಬೇಕು, ಪರಿಣಾಮ ಆಮೇಲೆ ಎಂಬಷ್ಟು ತರ್ಕ ಅಲ್ಲಿ ಕಲಿತಿದ್ದೆ. ಅತ್ತೆ ಬಂದದ್ದು ಆಪರೇಶನ್ನಿನ ಐದನೇ ದಿನ. ಅಪ್ಪನಿಗೆ ಜ್ವರ ಬಂದದ್ದು ಮೂರನೇ ದಿನ. ಗಂಜಿಯೇನು ಎರಡು ದಿನ ಹಿಂದಕ್ಕೆ ನಡೆದು ಹೋಗಿ ಜ್ವರ ತಂದಿತೇ?

ಅಪ್ಪ ಕುಣಿಮಗ್ಗದ ನೇಕಾರ. ತಿಂಗಳುಗಟ್ಟಲೆ ಹೊಟ್ಟೆನೋವನ್ನು ಸೋಡಾ ಕುಡಿದೇ ಸಾಗಿಸಿದ. ಕೊನೆಗೆ ಹೊಟ್ಟೆ ಉಬ್ಬಿ ಹಸಿರು ವಾಂತಿಯಾದಾಗ ಬಾಗಲಕೋಟೆಯ ದವಾಖಾನೆಗೆ ಒಯ್ದೆವು. ಕರುಳು ಒಂದೆಡೆ ಬಿಗಿದು ಗೇಣುದ್ದ ಕೊಳೆತಿತ್ತು. ಡಾಕ್ಟರು ಅಷ್ಟನ್ನು ಕತ್ತರಿಸಿ, ಉಳಿದ ತುದಿಗಳನ್ನು ಸೇರಿಸಿ ಹೊಲಿದರು. ಕೆಳಗಿನಿಂದ ಗಾಳಿ ಹೋಗುವವರೆಗೆ ಬಾಯಿಗೆ ಹನಿ ನೀರೂ ಕೂಡದು ಎಂದರು. ಗಾಳಿ ಹೋದರೆ ಕರುಳು ಕೆಲಸ ಹಿಡಿದಿದೆ ಎಂದು ತಿಳಿಯಬೇಕಂತೆ.

ಪಕ್ಕದ ಕಾಟಿನವನು ಚೇಷ್ಟೆ ಮಾಡಿದ: "ಮಂದಿ ಮಗನ ರಿಸಲ್ಟ್ ಕಾಯ್ತಾರ. ನಾವು ನಿಮ್ಮ ಹೂಸು ಕಾಯಾಕತ್ತೇವಿ ನೋಡ್ರಿ."

ಅಪ್ಪ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡ. "ನಗಸಬ್ಯಾಡೋ ಮಾರಾಯಾ, ಭಾಳ ನೋಯ್ತತಿ."

ಮೂರನೇ ದಿನ ಮುಂಜಾನೆ ನಾನು ಒದ್ದೆ ಹತ್ತಿಯಿಂದ ಅವನ ತುಟಿ ಒರೆಸುತ್ತಿದ್ದೆ. ಅಪ್ಪ ಮೆಲ್ಲಗೆ ಅಂದ: "ಇನ್ನೂ ಇಲ್ಲಲೇ. ಹೊಟ್ಟಿ ಕಲ್ಲಾಗೇತಿ."

"ಡಾಕ್ಟರ್ ಬಂದಾಗ ಹೇಳು ಮತ್ತ."

"ಆ ನರ್ಸ್ ಹುಡುಗ್ಯಾರು ನಿಂತಿರ್ತಾರ. ಹ್ಯಾಂಗ ಹೇಳ್ಲೋ?"

ಡಾಕ್ಟರು ಬಂದರು. ಕೇಸ್‌ಪೇಪರ್ ನೋಡುತ್ತಲೇ, "ಗ್ಯಾಸ್ ಹೋತೇನ್ರಿ ಯಜಮಾನ್ರ?" ಎಂದು ಕೇಳಿದರು. ಅಪ್ಪ ಬಾಯಿ ತೆರೆಯುವಷ್ಟರಲ್ಲಿ ದೊಡ್ಡಪ್ಪ ಕೈ ಮುಗಿದು ಮುಂದೆ ಬಂದ.

"ಹೋತ್ರಿ ಸಾಹೇಬ್ರ. ಎಲ್ಲಾ ಆರಾಮ ಐತ್ರಿ. ನಿಮ್ಮ ಕೈಗುಣ."

ನಮ್ಮ ಮನೆಯ ಪದ್ಧತಿಯೇ ಅದು. ಹೊರಗಿನವರು ಯಾರನ್ನು ಏನೇ ಕೇಳಲಿ, ಉತ್ತರ ಹಿರಿಯನದು. ಕನ್ಯೆ ನೋಡಲು ಬಂದವರು ಹುಡುಗಿಯ ಓದು ಕೇಳಿದರೂ ದೊಡ್ಡಪ್ಪನೇ ಹೇಳಬೇಕು, ಜನಗಣತಿಯ ಮಾಸ್ತರು ಅವ್ವನ ವಯಸ್ಸು ಕೇಳಿದರೂ ದೊಡ್ಡಪ್ಪನೇ. ಮೇಲಾಗಿ, ಅಷ್ಟು ದೊಡ್ಡ ಡಾಕ್ಟರಿಗೆ "ಇನ್ನೂ ಆಗಿಲ್ಲ" ಅನ್ನುವುದೆಂದರೆ ಅವರ ಕೈಗುಣಕ್ಕೇ ಕುಂದು ತಂದಂತೆ. ತಮ್ಮನ ಬಾಯಾರಿಕೆ ನೋಡಲಾರದೆಯೂ ಹಾಗಂದಿರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಡಾಕ್ಟರು ತಲೆಯಾಡಿಸಿ ನೀರು, ಎಳನೀರು ಎಂದು ಬರೆದರು. ಹೊಟ್ಟೆಯ ಮೇಲೆ ಕೈಯಿಡಲಿಲ್ಲ. ಸ್ಟೆತಸ್ಕೋಪು ಕೊರಳಲ್ಲೇ ಇತ್ತು. ಮುಂದಿನ ಕಾಟಿಗೆ ಹೋದರು.

ನಾನು ಅಲ್ಲೇ ನಿಂತಿದ್ದೆ. ಕೈಯಲ್ಲಿ ಒದ್ದೆ ಹತ್ತಿ. ವೇದಿಕೆಯ ಮೇಲೆ ಎದುರಾಳಿಯ ಮಾತನ್ನು ನಡುವೆಯೇ ಕತ್ತರಿಸುತ್ತಿದ್ದ ನನಗೆ ದೊಡ್ಡಪ್ಪನ ಮುಂದೆ ಒಂದು "ಇಲ್ಲರೀ" ಅನ್ನಲಾಗಲಿಲ್ಲ.

ಅಂದು ಸಂಜೆ ಜ್ವರ ಬಂತು. ನಾಲ್ಕನೇ ದಿನ ಕುಡಿದ ನೀರೆಲ್ಲ ವಾಂತಿ, ನಾಡಿ ಓಡುತ್ತಿತ್ತು. ಜ್ವರಕ್ಕೊಂದು ಇಂಜೆಕ್ಷನ್ ಕೊಟ್ಟರು, ಅಷ್ಟೇ. ಐದನೇ ದಿನ ಅತ್ತೆ ಡಬ್ಬಿಯಲ್ಲಿ ರವೆ ಗಂಜಿ ತಂದಳು. ತಾನಾಗಿ ಕುಡಿಸಲಿಲ್ಲ, ಮೊದಲು ನರ್ಸಿನ ಬಳಿ ಹೋಗಿ, "ಕುಡಸಬೌದೇನವ್ವಾ?" ಎಂದು ಕೇಳಿದಳು. ನರ್ಸು ಹಾಳೆ ನೋಡಿ, "ತೆಳ್ಳಗಿದ್ರ ಕುಡಸ್ರಿ" ಎಂದಳು. ಅಪ್ಪನಿಗೆ ಬೇಕಿರಲಿಲ್ಲ. ತಂಗಿಯ ಮುಖ ನೋಡಿ ಎರಡು ಚಮಚ ನುಂಗಿದ.

ಮಧ್ಯಾಹ್ನದ ಹೊತ್ತಿಗೆ ಅವನ ಕೈಕಾಲು ತಣ್ಣಗಾದವು, ರಕ್ತದೊತ್ತಡ ಬಿತ್ತು. ಮತ್ತೆ ಹೊಟ್ಟೆ ತೆರೆದರು. ಒಳಗೆಲ್ಲ ಕೀವು, ಮಲ. ಎರಡು ಚಮಚ ಗಂಜಿ ಎರಡು ತಾಸಿನಲ್ಲಿ ಅಷ್ಟು ಕೀವು ಮಾಡಬಲ್ಲದೇ ಎಂದು ಯಾರೂ ಕೇಳಲಿಲ್ಲ. ಉಸಿರಾಟದ ಯಂತ್ರದ ಮೇಲೆ ನಾಲ್ಕು ದಿನ ಇದ್ದ. ಮೂತ್ರ ನಿಂತಿತು. ಆಮೇಲೆ ಎದೆಬಡಿತವೂ.

ನಂತರ ಡಾಕ್ಟರನ್ನು ಕೇಳಿದೆ. "ಏನೂ ತಿನ್ನದಿದ್ರೂ ಹೊಲಿಗಿ ಒಮ್ಮೊಮ್ಮೆ ಬಿಡ್ತದ. ಬೇಗ ಗೊತ್ತಾಗಬೇಕಿತ್ತು, ಅಷ್ಟ" ಎಂದರು. ಯಾರಿಗೆ ಗೊತ್ತಾಗಬೇಕಿತ್ತು ಎಂದು ಹೇಳಲಿಲ್ಲ.

ವರ್ಷದ ಕಾರ್ಯಕ್ಕೆ ಮನೆ ತುಂಬ ಬೀಗರು. ದೊಡ್ಡಪ್ಪ ಮತ್ತೆ ಶುರು ಮಾಡಿದ: "ಎಲ್ಲಾ ಚಲೋ ಆಗಿತ್ರಿ. ನಮ್ಮ ತಂಗಿ ಅವಸರ ಮಾಡಿದ್ಲು." ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

"ಅತ್ತಿ ನರ್ಸ್‌ನ ಕೇಳೇ ಕುಡಿಸ್ಯಾಳ" ಅಂದೆ.

"ನಿನ್ನ ಭಾಷಣಾ ಕಾಲೇಜಿನ್ಯಾಗ ಇಟ್ಕೊ ಲೇ" ಅಂದ ದೊಡ್ಡಪ್ಪ. ಬೀಗರು ನಕ್ಕರು.

"ಇಟ್ಕೋತೇನಿ. ಅಪ್ಪಗ ಗಾಳಿ ಹೋಗಿಲ್ಲಂತ ಅವತ್ತ ನನಗ ಗೊತ್ತಿತ್ತು, ನಾ ಸುಮ್ಮನ ನಿಂತೆ. ಅದು ನನ್ನ ತಪ್ಪು. ಡಾಕ್ಟರಿಗೆ ‘ಹೋತ್ರಿ’ ಅಂದಾಗ, ದೊಡ್ಡಪ್ಪಾ, ನಿಮಗೂ ಗೊತ್ತಿತ್ತೇನ್ರಿ?"