ಪರದೆಯ ಮೇಲೆ ನನ್ನ ಹೊಲ

ಮದುವೆಯಲ್ಲಿ ಅಪ್ಪ ಅರಿಶಿಣ ಕುಂಕುಮಕ್ಕೆಂದು ನನಗೆ ಕೊಟ್ಟ ಹೊಲ ಕಾಲುವೆಯ ಕಟ್ಟಕಡೆಗಿದೆ. ಅದೇ ಕಾಲುವೆಯ ಮೇಲ್ಭಾಗದಲ್ಲಿ, ದಢೇಸುಗೂರು ಕಡೆಗೆ, ಅಣ್ಣನ ಹೊಲ. ಅವನು ವರ್ಷಕ್ಕೆ ಎರಡು ಬೆಳೆ ಭತ್ತ ತೆಗೆಯುತ್ತಾನೆ. ಉಳಿದ ನೀರು ನನಗೆ. ಉಳಿಯುವುದೇ ಇಲ್ಲ. ನೀರಾವರಿ ಕಚೇರಿಗೆ ವರ್ಷ ವರ್ಷ ಅರ್ಜಿ ಕೊಡುತ್ತಲೇ ಇದ್ದೇನೆ.

ಹೋದ ಬೇಸಿಗೆಯಲ್ಲಿ ಸಿಂಧನೂರಿನ ನಮ್ಮ ಮನೆಯ ಮೇಲಿನ ಕೋಣೆಗೆ ಒಬ್ಬ ಮೇಡಂ ಬಾಡಿಗೆಗೆ ಬಂದರು. ಈ ಶತಮಾನ ಮುಗಿಯುವ ಹೊತ್ತಿಗೆ ಜಗತ್ತಿನಲ್ಲಿ ಜನ ಎಷ್ಟು, ಅನ್ನ ಎಷ್ಟು, ನೀರು ಮಣ್ಣಿನ ಗತಿ ಏನು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟುವವರು. ಅದರಲ್ಲಿ ನಮ್ಮ ಕಾಲುವೆಯೂ ಒಂದು ಚೂರು. ನಾನೇ ಅವರನ್ನು ತವರಿಗೆ ಕರೆದೊಯ್ದೆ.

"ಏನು ಬೆಳೀತೀರಿ?" ಎಂದು ಅಣ್ಣನನ್ನು ಕೇಳಿದರು.

"ಜೋಳ, ಹತ್ತಿ ರೀ."

ಕಾಲುವೆಯ ಕಾಯಿದೆಯಲ್ಲಿ ಆ ನೆಲದಲ್ಲಿ ಭತ್ತಕ್ಕೆ ಅನುಮತಿಯಿಲ್ಲ. ಹಾಗಾಗಿ ಪೆನ್ನು ಹಿಡಿದು ಯಾರೇ ಬರಲಿ, ಊರಿಗೆ ಊರೇ ಜೋಳ ಅನ್ನುತ್ತದೆ. ಕೊಯ್ಲಿನ ಕೂಳೆ ಸುಟ್ಟು ಹೊಲ ಕಪ್ಪಾಗಿತ್ತು, ಯಾವ ಬೆಳೆಯೆಂದು ಗುರುತು ಸಿಗುವಂತಿರಲಿಲ್ಲ. ಮೇಡಂ ಹೇಳಿದ್ದನ್ನೇ ಬರೆದುಕೊಂಡರು. ಆ ಹೊಲದ್ದೇ ಅಕ್ಕಿಯ ಅನ್ನ ಉಂಡು, ಚೆನ್ನಾಗಿದೆ ಎಂದರು.

ಒಳಗೆ ಅಣ್ಣನನ್ನು ಕೇಳಿದೆ: "ಜೋಳ ಯಾವಾಗ ಬಿತ್ತಿದ್ದಿ?"

"ಸುಮ್ನಿರಬೇ ನೀ. ಜೋಳ ಅಂದ್ರ ಲೆಕ್ಕದಾಗ ನೀರು ಉಳಿತೈತಿ. ಉಳಿದದ್ದು ನಿನಗ ಬರ್ತೈತಿ, ತಗೋ" ಎಂದು ನಕ್ಕ.

ಮುಂಗಾರಿನ ಹೊತ್ತಿಗೆ ಮೇಡಂ ಸಭೆ ಕರೆದು ಪರದೆಯ ಮೇಲೆ ತೋರಿಸಿದರು. ಜನಸಂಖ್ಯೆಯ ಗೆರೆ ಏರಿ ಬಾಗಿತು. ಮಣ್ಣಿನದು ಇಳಿಯುತ್ತ ಹೋಯಿತು. ನೀರಿರುವ ಕಡೆ ನೀಲಿ. ನಮ್ಮ ಕಾಲುವೆಯ ತುದಿ ಶತಮಾನವಿಡೀ ನೀಲಿಯೇ. ಪಕ್ಕದಲ್ಲಿದ್ದ ನೀರಾವರಿ ಸಾಹೇಬರು ನನ್ನ ಕಡೆ ತಿರುಗಿ, "ಕಡೀತನಕ ನೀರು ಮುಟ್ಟತೈತಿ ನೋಡ್ರಿ. ಮತ್ಯಾಕ ಅರ್ಜಿ ಕೊಡ್ತೀರಿ?" ಎಂದರು.

ನಾನು ಎದ್ದು ನಿಂತೆ. ಮುಂದಿನ ಸಾಲಿನಲ್ಲಿ ಅಣ್ಣ ಕೂತಿದ್ದ.

"ಮ್ಯಾಲ ಎಲ್ಲಾರೂ ನೆಲ್ಲು ಹಚ್ತಾರ ರೀ ಮೇಡಂ. ನಮ್ಮಣ್ಣನೂ ಹಚ್ತಾನ. ನೀವು ಉಂಡ ಅನ್ನ ಅದರದ."

ಅಣ್ಣ ಹಿಂತಿರುಗಿ ನೋಡಲಿಲ್ಲ. "ಇಕಿಗೆ ಆ ಹೊಲಾನ ಕೊಡಬಾರದಿತ್ತು ನಮ್ಮಪ್ಪ" ಎಂದು ಪರದೆಗೆ ಹೇಳುವಂತೆ ಹೇಳಿದ.

ನಾಗರ ಪಂಚಮಿಗೆ ಅಣ್ಣ ಬಂದು ತಂಗಿಯನ್ನು ಕರೆದೊಯ್ಯುವುದು ನಮ್ಮಲ್ಲಿ ಪದ್ಧತಿ. ಈ ಸಲ ಯಾರೂ ಬರಲಿಲ್ಲ. ಶೇಂಗಾ ಉಂಡಿ, ಎಳ್ಳುಂಡಿ ಇಲ್ಲೇ ಕಟ್ಟಿ ನೆರೆಮನೆಗೆ ಹಂಚಿದೆ. ಅಂದೇ ಮಧ್ಯಾಹ್ನ, ಕೋಣೆ ಬಿಟ್ಟು ಹೋಗಿದ್ದ ಮೇಡಂ ಫೋನ್ ಮಾಡಿದರು. ಜೋಳದ ಬದಲು ಭತ್ತವೆಂದು ಹಾಕಿ ಲೆಕ್ಕವನ್ನು ಮತ್ತೆ ಓಡಿಸಿದ್ದರಂತೆ. ನನ್ನ ಹೊಲದ ನೀಲಿ ಮೊದಲ ವರ್ಷಗಳಲ್ಲೇ ಅಳಿಸಿಹೋಯಿತಂತೆ.

"ಈಗ ಸರಿ ಬಂತಮ್ಮಾ" ಎಂದರು. ದನಿಯಲ್ಲಿ ಸಂತೋಷವಿತ್ತು.

ಕಾಲುವೆಯ ಮೇಲ್ಭಾಗದಲ್ಲಿ ಯಾರ ನೀರನ್ನೂ ಯಾರೂ ನಿಲ್ಲಿಸಲಿಲ್ಲ. ಅಣ್ಣ ಎಂದಿನಂತೆ ಭತ್ತದ ನಾಟಿ ಮುಗಿಸಿದ ಎಂದು ಕೇಳಿದೆ, ಅದೂ ಬೇರೆಯವರ ಬಾಯಿಂದ.