ಹೊರೆಕಟ್ಟೆಯ ಮೇಲಿನ ಹೂವು

ಇವತ್ತು ಬೆಳಿಗ್ಗೆ ಗೇಟು ತೆಗೆಯಲು ಹೋದವನಿಗೆ ಮನೆಯೆದುರಿನ ಹೊರೆಕಟ್ಟೆಯ ಮೇಲೆ ಒಂದು ಅಬ್ಬಲಿಗೆ ಹೂವು ಕಾಣಿಸಿತು. ಒಂದೇ ಒಂದು, ಅದೂ ತುಸು ಬಾಡಿದ್ದು. ನೋಡಿದ್ದೇ ಎದೆ ಧಸಕ್ಕೆಂದಿತು. ಹುಲಿ ಕಂಡು ಹೆದರುವವರಿದ್ದಾರೆ, ಹಾವು ಕಂಡು ಹೆದರುವವರಿದ್ದಾರೆ. ಹೂವು ಕಂಡು ಹೆದರುವ ಮೇಷ್ಟ್ರು ನಾನೊಬ್ಬನೇ ಇರಬೇಕು ಎಂದು ನೀವು ನಗಬಹುದು. ನಗಿ, ಬೇಡವೆನ್ನುವುದಿಲ್ಲ. ಆದರೆ ನನ್ನ ಗುಲಾಬಿ ಅತ್ತೆಯ ಕತೆ ಕೇಳಿಯಾದ ಮೇಲೆ ನಗಿ.

ಅಷ್ಟರಲ್ಲಿ ಕಿಟಕಿಯಿಂದ ಅತ್ತೆಯ ಸ್ವರವೇ ಬಂತು. ಕಾಲು ಸೋತಿದ್ದರೂ ಕಣ್ಣು ಸೋತಿಲ್ಲ.

"ಏ ಮಗಾ, ಕಟ್ಟೆ ಮೇಲ್ ಎಂತದಾ ಅದ್? ಹೂಂಗಾ? ತೆಗಿ ಮಾರಾಯ, ಯಾರಾರೂ ಕಾಂಬುಕ್ ಮೊದ್ಲ್ ತೆಗಿ!"

ಹೊರೆಕಟ್ಟೆ ಎಂದರೆ ಏನೆಂದು ಈಗಿನವರಿಗೆ ಬಿಡಿಸಿ ಹೇಳಬೇಕು. ಎದೆಮಟ್ಟಕ್ಕೆ ಕಟ್ಟಿದ ಕಲ್ಲಿನ ಕಟ್ಟೆ. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತ ಹೆಂಗಸು ಅದಕ್ಕೆ ತಾಗಿ ನಿಂತು, ಯಾರನ್ನೂ ಕರೆಯದೆ ಬುಟ್ಟಿ ಇಳಿಸಬಹುದು. ದಣಿವಾರಿದ ಮೇಲೆ ಯಾರನ್ನೂ ಕರೆಯದೆ ಮತ್ತೆ ಹೊತ್ತುಕೊಳ್ಳಬಹುದು. ನೆಲಕ್ಕಿಳಿಸಿದ ಬುಟ್ಟಿಯನ್ನು ತಲೆಗೇರಿಸಲು ಇನ್ನೊಬ್ಬರ ಕೈ ಬೇಕು. ಕೈ ಕೊಟ್ಟವರು ಮೀನಿನ ಕ್ರಯದಲ್ಲಿ ಅದನ್ನು ವಸೂಲಿ ಮಾಡದೆ ಬಿಡುವುದಿಲ್ಲ. ಅತ್ತೆ ಅದನ್ನು "ಹಂಗಿಲ್ದ ಕಲ್ಲ್" ಅನ್ನುತ್ತಿದ್ದಳು.

ಈ ಕಟ್ಟೆ ಮೊದಲು ಇದ್ದದ್ದು ಇಲ್ಲಲ್ಲ. ಕುಂದಾಪುರದಿಂದ ಬೈಂದೂರಿನ ಕಡೆ ಹೊರಟರೆ ನಮ್ಮೂರು. ಅಲ್ಲಿ ಹೊಳೆ ದಾಟುವ ಕಡವಿನಲ್ಲಿ, ದೋಣಿಗೆ ಕಾಯುವವರಿಗೆಂದು ಯಾವ ಕಾಲದಲ್ಲೋ ಕಟ್ಟಿದ ಕೆಂಪುಕಲ್ಲಿನ ಚಾವಡಿಯೊಂದಿತ್ತು. ತಗ್ಗಿದ ಮಾಡು, ದಪ್ಪ ಗೋಡೆ, ಗೋಡೆಗೆ ಕರಿಕಲ್ಲಿನ ಚಪ್ಪಡಿ ಹಾಸಿದ ಹೊರೆಕಟ್ಟೆ. ಒಳಗೆ ಕಾಲಿಟ್ಟರೆ ಚಿಪ್ಪಿನ ಸುಣ್ಣದ ತಂಪು ವಾಸನೆ, ಅದರ ಮೇಲೆ ಮೀನಿನ ವಾಸನೆ. ದೋಣಿ ಹತ್ತುವ ಮೊದಲು ಹೆಂಗಸರು ಮುಡಿಯಿಂದ ಒಂದು ಹೂ ಕಿತ್ತು ಕಟ್ಟೆಯ ಮೂಲೆಗಿಡುತ್ತಿದ್ದರು. ಯಾವ ದೇವರಿಗೆಂದು ಯಾರೂ ಕೇಳಿದ್ದಿಲ್ಲ. ನನ್ನ ಅಜ್ಜಿ, ಅಂದರೆ ಅತ್ತೆಯ ತಾಯಿ, ಒಂದು ಮಧ್ಯಾಹ್ನ ಬುಟ್ಟಿಯನ್ನು ಆ ಕಟ್ಟೆಯ ಮೇಲಿಳಿಸಿ, ಚಾವಡಿಯ ಗೋಡೆಗೆ ಒರಗಿ ಕೂತವಳು ಮತ್ತೆ ಏಳಲಿಲ್ಲ. ಆ ದಿನ ಉಳಿದ ಮೀನು ಮಾರಿ ಬುಟ್ಟಿ ಮನೆಗೆ ತಂದವಳು ಅತ್ತೆ. ಅಲ್ಲಿಂದ ಆ ಬುಟ್ಟಿ ಅವಳದೇ ಆಯಿತು.

ಸೇತುವೆ ಬಂತು, ದೋಣಿ ನಿಂತಿತು. ಮೀನಿನ ಹೆಂಗಸರು ಮಾತ್ರ ಚಾವಡಿ ಬಿಡಲಿಲ್ಲ. ಹೊಸ ಶತಮಾನದ ಶುರುವಿನಲ್ಲಿ, ಮೀಸಲಾತಿಯ ದೆಸೆಯಿಂದ ಅತ್ತೆ ಪಂಚಾಯತಿಯ ಅಧ್ಯಕ್ಷೆಯಾದಳು. ಉಪಾಧ್ಯಕ್ಷ ಶೀನಣ್ಣ, ಕಂತ್ರಾಟುದಾರ. ಕೆಟ್ಟವನಲ್ಲ, ಖಾಲಿ ಜಾಗ ಕಂಡರೆ ಕೈ ತುರಿಸುವ ಜಾತಿ, ಅಷ್ಟೆ. ಚಾವಡಿ ಕೆಡವಿ ಅಲ್ಲಿ ಅಂಗಡಿ ಸಾಲು ಕಟ್ಟಿಸಬೇಕೆಂದು ಅವನು ಸದಸ್ಯರನ್ನೆಲ್ಲ ಒಪ್ಪಿಸಿಬಿಟ್ಟ.

ಉಳಿಸುವ ಕೆಲಸಕ್ಕೆ ಅತ್ತೆ ನನ್ನನ್ನು ಹಚ್ಚಿದಳು. ಕನ್ನಡ ಮೇಷ್ಟ್ರಲ್ಲವೇ, ಬರೆಯುವುದರಲ್ಲಿ ಕೈ ಮುಂದು. 'ಪ್ರಾಚೀನ', 'ಪರಂಪರೆ', 'ಅಮೂಲ್ಯ' ಎಂದೆಲ್ಲ ತುಂಬಿಸಿ ಮನವಿ ಬರೆದು ತಾಲೂಕು ಕಚೇರಿಗೆ ಒಯ್ದೆ. ಅಲ್ಲಿನವರು ಸಮಾಧಾನದಿಂದಲೇ ಹೇಳಿದರು: ಸರಕಾರದ ರಕ್ಷಣೆ ಕೋಟೆಗೆ, ಶಾಸನಕ್ಕೆ; ಮೀನಿನ ಬುಟ್ಟಿ ಇಡುವ ಕಟ್ಟೆಗಲ್ಲ. ಬೇಕಾದರೆ ನಿಮ್ಮ ಪಂಚಾಯತಿಯೇ ಠರಾವು ಮಾಡಿ ಉಳಿಸಿಕೊಳ್ಳಲಿ.

ಅಲ್ಲಿಗೆ ಎಲ್ಲವೂ ಪಂಚಾಯತಿ ಮೀಟಿಂಗಿಗೆ ಬಂದು ನಿಂತಿತು. ಆ ದಿನ ಜೇಸೀಬಿ ಆಗಲೇ ಬಂದು ಪಂಚಾಯತಿ ಎದುರಿನ ಮರದಡಿ ನಿಂತಿತ್ತು. ಡ್ರೈವರು ಬೀಡಿ ಸೇದುತ್ತ ಕಿಟಕಿಯಲ್ಲಿ ಇಣುಕುತ್ತಿದ್ದ, ಊಟ ಎಷ್ಟು ಹೊತ್ತಿಗೆ ಎಂದು ಕೇಳುವವನ ಹಾಗೆ. ನಾನು ಬಾಗಿಲ ಬಳಿ ಬೆವರುತ್ತ ನಿಂತಿದ್ದೆ. ಅತ್ತೆಯ ಪರವಾಗಿ ಒಂದು ಕೈಯೂ ಏಳುವ ಹಾಗಿರಲಿಲ್ಲ. ಅವಳು ಎದ್ದು ನಿಂತು ಸೆರಗು ಸರಿಮಾಡಿಕೊಂಡಳು.

"ಆ ಕಟ್ಟೆ ಮೇಲ್ ನಮ್ ಹೆಣ್ಮಕ್ಕಳ್ ಹೂಂಗ್ ಇಡ್ತಿದ್ರ್. ಎಂತಕೆ ಅಂದ್ಹೇಳಿ ನಾ ಹೇಳುದಿಲ್ಲೆ. ಅದನ್ ಕೀಳುಕ್ ಧೈರ್ಯ ಇದ್ದರ್ ಕೈ ಎತ್ತಿ ಕಾಂಬೊ."

ಮೇಲೇಳಲು ಹೊರಟಿದ್ದ ಶೀನಣ್ಣನ ಕೈ ದಾರಿಯಲ್ಲೇ ಮನಸ್ಸು ಬದಲಿಸಿ ಕಿವಿ ತುರಿಸಿತು. ಸದಸ್ಯರೆಲ್ಲ ಮೀನಿಗೆಂದು ಸಮುದ್ರಕ್ಕೆ ಹೋಗುವ ಮನೆಗಳವರು. ಹೆಸರಿಲ್ಲದ ಹೂವಿಗೆ ಎದುರು ಹೋಗುವವರಾರು? ಕಡವಿನ ಚಾವಡಿಯನ್ನು ಉಳಿಸತಕ್ಕದ್ದು ಎಂದು ಠರಾವಾಯಿತು. ಜೇಸೀಬಿ ಹಿಂದಕ್ಕೆ ಹೋಯಿತು.

"ನಿನ್ನ ಪ್ರಾಚೀನಕ್ಕಿಂತ ನನ್ ಹೂಂಗೇ ಗಟ್ಟಿ ಕಾಣ್" ಎಂದು ಅತ್ತೆ ದಾರಿಯುದ್ದಕ್ಕೂ ನನ್ನನ್ನು ಕೆಣಕಿದಳು. ಅವಳನ್ನು ಅಷ್ಟು ಖುಷಿಯಲ್ಲಿ ನಾನು ಮತ್ತೆ ನೋಡಿಲ್ಲ.

ಏಕೆಂದರೆ ಆ ಹೂವು ಸುಮ್ಮನಿರಲಿಲ್ಲ. ಪಂಚಾಯತಿಯಲ್ಲಿ ಅಷ್ಟು ದೊಡ್ಡ ಮಾತಾದ ಮೇಲೆ ಒಂದಿದ್ದದ್ದು ಮಾಲೆಯಾಯಿತು. ಮಾಲೆಯ ಪಕ್ಕ ದೀಪ ಬಂತು. ದೀಪ ಹಚ್ಚಿದ ಮೇಲೆ ಒಂದು ಹೆಸರು ಬೇಡವೇ? ದೈವದ ಹೆಸರೂ ಬಂತು. ವರ್ಷಕ್ಕೊಂದು ಪೂಜೆ, ಪೂಜೆಗೊಂದು ಸಮಿತಿ. ಕೆಲವು ವರ್ಷ ಕಳೆಯುವಾಗ ಚಾವಡಿಗೆ ಕಬ್ಬಿಣದ ಗೇಟು ಬಿತ್ತು. ಒಂದು ದಿನ ಅತ್ತೆ ಎಂದಿನಂತೆ ಬುಟ್ಟಿ ಇಳಿಸಲು ಹೋದರೆ ಸಮಿತಿಯ ಹುಡುಗನೊಬ್ಬ ಮೆಲ್ಲಗೆ ಹೇಳಿದನಂತೆ, "ಅಕ್ಕ, ಇಲ್ಲ್ ಮೀನಿನ್ ಬುಟ್ಟಿ ಇಡುಕಾಗ." ಅವಳು ಬುಟ್ಟಿ ಹೊತ್ತೇ ಮನೆಗೆ ಬಂದಳು. ಆ ರಾತ್ರಿ ಉಣ್ಣಲಿಲ್ಲ.

ಆಮೇಲೆ ಬಂದದ್ದು ಜೀರ್ಣೋದ್ಧಾರ. ನಮ್ಮ ಕಡೆ ಹಳೆಯದನ್ನು ದ್ವೇಷದಿಂದ ಯಾರೂ ಕೆಡವುವುದಿಲ್ಲ, ಭಕ್ತಿಯಿಂದಲೇ ಕೆಡವುತ್ತೇವೆ. ಕೆಂಪುಕಲ್ಲು ತೆಗೆದು ಕಾಂಕ್ರೀಟು, ಚಪ್ಪಡಿ ತೆಗೆದು ಟೈಲ್ಸು. ಸಮಿತಿಯ ಅಧ್ಯಕ್ಷ ಶೀನಣ್ಣ; ಆ ಹೊತ್ತಿಗೆ ಪಂಚಾಯತಿಯ ಅಧ್ಯಕ್ಷನೂ ಅವನೇ. ಗ್ರಾಮಸಭೆಯಲ್ಲಿ ವಿಷಯ ಬಂದಾಗ ಅತ್ತೆ ಹಿಂದಿನ ಸಾಲಿನಿಂದ ಎದ್ದಳು.

"ಹಾಂಗೇ ಉಳ್ಸುದ್ ಅಂದ್ಹೇಳಿ ಠರಾವ್ ಆಯಿತ್ತಲೆ ಶೀನ?"

"ಹ್ವಾಯ್ ಗುಲಾಬಕ್ಕ, ಉಳ್ಸುದೇ ಅಲ್ದಾ ಇದೂ? ಅಲ್ಲ್ ಶಕ್ತಿ ಇತ್ತ್ ಅಂದರ್ ನೀವೇ. ಈಗ ಚಂದ ಮಾಡಿ ಕಟ್ಟುಕ್ ಹ್ವಾರೆ ನೀವೇ ಬ್ಯಾಡ ಅಂತ್ರಿ!"

ಅವನ ಸ್ವರದಲ್ಲಿ ಕುಹಕವಿರಲಿಲ್ಲ. ಅವನು ನಂಬಿದ್ದ. ಅದೇ ದೊಡ್ಡ ಕಷ್ಟ.

"ನಾ ಹೂಂಗ್ ಅಂದದ್, ದೈವ ಅಂದದ್ದಲ್ಲ," ಅತ್ತೆಯ ಸ್ವರ ಒಡೆಯಿತು. "ಅಲ್ಲ್ ಯಾವ್ ದೈವವೂ ಇಲ್ಲೆ. ನಮ್ಗ್ ಹೊಳಿ ದಾಂಟುಕ್ ಹೆದ್ರಿಕಿ ಆತಿತ್ತ್. ಅದ್ಕೆ ಹೂಂಗ್ ಇಡ್ತಿದ್ದೊ. ಅಷ್ಟೇ."

ಒಂದು ಕ್ಷಣ, ಗೆದ್ದಳು ಎಂದುಕೊಂಡೆ. ಆಗ ಮುಂದಿನ ಸಾಲಿನ ಮುದುಕರೊಬ್ಬರು ಕೈ ಮುಗಿದು, "ಕಂಡ್ರ್ಯಾ, ಸತ್ಯ ಬಾಯಿ ಬಿಟ್ಟ್ ಹೇಳುಕೂ ಬಿಡುದಿಲ್ಲೆ ಆ ದೈವ. ಅಷ್ಟ್ ಶಕ್ತಿ, ಅಷ್ಟ್ ಕಾರಣಿಕ" ಎಂದರು. ಒಬ್ಬೊಬ್ಬರಾಗಿ ಎಲ್ಲರೂ ಕೈ ಮುಗಿದರು. ಅತ್ತೆ ಕೂತಳು. ಅವಳ ಅರ್ಧ ಮಾತನ್ನು ಪೂರ್ತಿ ನಂಬಿದ ಊರು, ಪೂರ್ತಿ ಮಾತನ್ನು ಅರ್ಧವೂ ನಂಬಲಿಲ್ಲ.

ಚಾವಡಿ ಒಂದು ಬೆಳಗಿನಲ್ಲಿ ನೆಲಸಮವಾಯಿತು. ಅತ್ತೆ ನೋಡಲು ಹೋಗಲಿಲ್ಲ. ಸಂಜೆ ಶೀನಣ್ಣ ತನ್ನ ಟೆಂಪೋದಲ್ಲಿ ಹೊರೆಕಟ್ಟೆಯ ಕಲ್ಲುಗಳನ್ನು ತಂದು ನಮ್ಮ ಅಂಗಳದಲ್ಲಿ ಇಳಿಸಿದ. "ಅಕ್ಕ, ಇದ್ ನಿಮ್ಗೇ ಸೇರುದ್" ಎಂದು ಹೇಳಿ, ಚಾ ಕುಡಿಯಲೂ ನಿಲ್ಲದೆ ಹೋದ. ಅತ್ತೆ ಮೇಸ್ತ್ರಿಯನ್ನು ಕರೆಸಿ ಗೇಟಿನ ಹೊರಗೆ, ಹೆದ್ದಾರಿಯ ಬದಿಗೆ, ಅದೇ ಎತ್ತರಕ್ಕೆ ಅದನ್ನು ಕಟ್ಟಿಸಿದಳು. ಎತ್ತರ ಅಳೆಯಲು ತಾನೇ ಬುಟ್ಟಿ ಹೊತ್ತು ನಿಂತಳು. ಮನೆಯವರಿಗೆಲ್ಲ ಒಂದೇ ಕಟ್ಟಪ್ಪಣೆ: ಅದರ ಮೇಲೆ ಹೂವು ಕಂಡರೆ ತಕ್ಷಣ ತೆಗೆಯಬೇಕು.

ಹಾಗಾಗಿ ಇವತ್ತು ಹೂವಿಗೆ ಕೈ ಚಾಚಿದೆ. "ಹ್ವಾಯ್ ಮಾಷ್ಟ್ರೇ, ಒಂಚೂರ್ ತಡೀನಿ" ಎಂಬ ಕೂಗು ಕೇಳಿತು. ಗಂಗೊಳ್ಳಿಯಿಂದ ಮೀನು ತರುವ ಸುಜಾತ. ಕಟ್ಟೆಯಿಂದ ಬುಟ್ಟಿಯನ್ನು ಆಗಷ್ಟೇ ತಲೆಗೇರಿಸಿಕೊಂಡು ನಾಲ್ಕು ಹೆಜ್ಜೆ ಹೋಗಿದ್ದವಳು ತಿರುಗಿ ನಿಂತಿದ್ದಳು.

"ಎಂತಕೆ ಇದ್?" ಎಂದೆ, ಸ್ವಲ್ಪ ಗಡಸಾಗಿಯೇ.

"ರಸ್ತಿ ದಾಂಟುಕಲೆ," ಅವಳು ನಾಚಿದಳು. "ನಾಕ್ ಲೈನ್ ಆದ್ಮೇಲೆ ಹೆದ್ರಿಕಿ ಆತ್ತ್ ಮಾಷ್ಟ್ರೇ. ಬಸ್ಸಿನರ್ ಕಾಂತ್ರಿಲ್ಲೆ."

ಅವಳು ರಸ್ತೆಯ ಅಂಚಿಗೆ ಹೋಗಿ ನಿಂತಳು. ಒಂದು ಬಸ್ಸು, ಅದರ ಬೆನ್ನಿಗೆ ಮೀನಿನ ಲಾರಿ, ಅದರ ಬೆನ್ನಿಗೆ ಇನ್ನೊಂದು ಬಸ್ಸು. ಬುಟ್ಟಿ ಹೊತ್ತವಳಿಗೆ ಓಡಲಾಗುವುದಿಲ್ಲ. ನಡುವಿನ ವಿಭಜಕದವರೆಗೆ ತಲುಪಿದಳು. ಅಲ್ಲಿ ನಿಂತಳು.

"ತೆಗ್ದ್ಯಾ ಇಲ್ಯಾ?" ಕಿಟಕಿಯಿಂದ ಅತ್ತೆ.

"ತಡಿ ಅತ್ತೆ. ಅವ್ಳಿನ್ನೂ ದಾಂಟ್ಲಿಲ್ಲೆ."

ಅತ್ತೆ ಬಯ್ಯಲಿಲ್ಲ. ಕಿಟಕಿಯ ಸರಳು ಹಿಡಿದು ಅವಳೂ ರಸ್ತೆಯನ್ನೇ ನೋಡುತ್ತ ಕೂತಳು. ಸುಜಾತ ಆಚೆ ದಡ ಸೇರಿ, ತಿರುಗಿ ನೋಡಿ, ನಡೆದುಹೋದ ಮೇಲೆ ನಾನು ಹೂವನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡೆ.